ರಬ್ಬರ್ ಕೀಗಳ ಹಳೇ ಸ್ಪೆಕ್ಟ್ರಮ್: ಹೊಸಬರು ಕೊಂಡರೆ ದುಡ್ಡು ದಂಡವಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಜನ ಅಲ್ಲ. ಊರು ಸಾಗರ, ಓದಿದ್ದು ಬಿ.ಕಾಂ., ಹೊಟ್ಟೆಪಾಡು ಸ್ಕಾಟ್ಲೆಂಡಿನ ಡಂಡಿಯಲ್ಲಿ ಒಂದು ಗೋದಾಮಿನ ಲೆಕ್ಕಪತ್ರ ನೋಡುವುದು. ದಿನಕ್ಕೆ ಎಂಟು ಗಂಟೆ ಎಕ್ಸೆಲ್ ಮುಂದೆ ಕೂರುತ್ತೇನೆ, ಆದರೆ ಅದರೊಳಗೆ ಏನು ನಡೆಯುತ್ತದೆ ಅಂತ ಯಾರಾದರೂ ಕೇಳಿದರೆ ಹಲ್ಲು ಕಿರಿಯುವುದೊಂದೇ ಗತಿ. ಅಂಥವನು ಕಳೆದ ಚಳಿಗಾಲದಲ್ಲಿ, ಹೆಂಡತಿ ಬೇಡ ಬೇಡ ಅಂದರೂ ಕೇಳದೆ, 85 ಪೌಂಡ್ ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ಝೆಡ್‌ಎಕ್ಸ್ ಸ್ಪೆಕ್ಟ್ರಮ್ 48ಕೆ ತಂದೆ, 1980ರ ದಶಕದ ಮನೆಬಳಕೆಯ ಕಂಪ್ಯೂಟರ್ ಅದು. ನನಗಿಂತ ಏಳು ವರ್ಷ ಚಿಕ್ಕದು ಅದು. ಐದು ತಿಂಗಳು ಅದರ ಜೊತೆ ಗುದ್ದಾಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಯಾಕೆ ಈ ಹುಚ್ಚು ಅಂದರೆ ಹಳೇ ಹೊಟ್ಟೆಕಿಚ್ಚು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಶಾಲೆಗೆ ಬಿಬಿಸಿ ಮೈಕ್ರೊ ಅನ್ನುವ ಕಂಪ್ಯೂಟರ್ ಬಂದಿತ್ತು. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಬೇಕು ಅಂತ 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಅನ್ನುವ ಯೋಜನೆ ಶುರು ಮಾಡಿತ್ತಲ್ಲ, ಅದರಲ್ಲಿ ಕೊಟ್ಟ ಯಂತ್ರಗಳು ಇವೇ. ಬಂದಿತ್ತು ಅಂದೆನೇ ಹೊರತು ಮುಟ್ಟಿದೆ ಅನ್ನಲಿಲ್ಲ. ಕೋಣೆಗೆ ಬೀಗ. ವರ್ಷಕ್ಕೆ ಎರಡು ಸಲ ಚಪ್ಪಲಿ ಹೊರಗೆ ಬಿಟ್ಟು, ದೇವಸ್ಥಾನಕ್ಕೆ ಹೋದ ಹಾಗೆ ಸಾಲಾಗಿ ಒಳಗೆ ಹೋಗಿ, ಪ್ಲಾಸ್ಟಿಕ್ ಹೊದಿಕೆ ತೆಗೆದು ಮೇಷ್ಟ್ರು ತೋರಿಸಿದ್ದನ್ನು ನೋಡಿ, ಕೈ ಕಟ್ಟಿಕೊಂಡು ಹೊರಗೆ ಬರುವುದು. ದರ್ಶನ ಆಯ್ತು, ಪ್ರಸಾದ ಸಿಗಲಿಲ್ಲ.

ಹಾಗಾದರೆ ಬಿಬಿಸಿ ಮೈಕ್ರೊವನ್ನೇ ಕೊಳ್ಳಬಹುದಿತ್ತಲ್ಲ ಅಂತ ಕೇಳಬಹುದು. ಅದು ದೊಡ್ಡ ಡಬ್ಬ, ಸೆಕೆಂಡ್ ಹ್ಯಾಂಡಲ್ಲೂ ಬೆಲೆ ಜಾಸ್ತಿ, ನಮ್ಮ ಫ್ಲಾಟಿನಲ್ಲಿ ಇಡೋಕೆ ಜಾಗ ಇಲ್ಲ. ಜೊತೆಗೆ ಡಂಡಿಗೂ ಸ್ಪೆಕ್ಟ್ರಮ್‌ಗೂ ಒಂದು ನಂಟಿದೆ. 1982ರ ಏಪ್ರಿಲ್ 23ರಂದು ಕ್ಲೈವ್ ಸಿಂಕ್ಲೇರ್ ಅವರ ಕಂಪನಿ ಇದನ್ನು ಬಿಡುಗಡೆ ಮಾಡಿದಾಗ 16ಕೆ ಮೆಮೊರಿಯ ಮಾದರಿಗೆ 125 ಪೌಂಡ್, 48ಕೆಗೆ 175 ಪೌಂಡ್. ಮುಂದೆ ಎಲ್ಲ ಮಾದರಿ ಸೇರಿ 50 ಲಕ್ಷಕ್ಕೂ ಜಾಸ್ತಿ ಮಾರಾಟವಾದವು. ಜೋಡಿಸುತ್ತಿದ್ದದ್ದು ಇದೇ ಡಂಡಿಯ ಟೈಮೆಕ್ಸ್ ಕಾರ್ಖಾನೆಯಲ್ಲಿ, ಕೈಗಡಿಯಾರದ ಕಂಪನಿ, ಕೆಲಸದವರಲ್ಲಿ ಹೆಂಗಸರೇ ಹೆಚ್ಚು. ದೊಡ್ಡ ಮುಷ್ಕರದ ನಂತರ 1993ರಲ್ಲಿ ಅದು ಮುಚ್ಚಿಹೋಯಿತು. ನಮ್ಮ ಕೆಳಗಿನ ಮನೆಯ ಅಜ್ಜಿ ಅಲ್ಲಿ ದುಡಿದವರು. ನಾನು ಪೊಟ್ಟಣ ಬಿಚ್ಚಿದ ದಿನ ಚಹಾಕ್ಕೆ ಕರೆದಿದ್ದೆ. ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಆ ಕಾಲದಲ್ಲಿ ಈ ಊರಿನ ಎಷ್ಟೋ ಮನೆಗಳಲ್ಲಿ ಬಿಲ್ ಇಲ್ಲದ ಸ್ಪೆಕ್ಟ್ರಮ್ ಇತ್ತಪ್ಪ ಅಂತ ಕಣ್ಣು ಮಿಟುಕಿಸಿದರು. ನಿಮ್ಮನೇಲಿ ಇತ್ತಾ ಅಂತ ಕೇಳಿದ್ದಕ್ಕೆ ಇನ್ನೊಂದು ಬಿಸ್ಕತ್ತು ತಗೊಂಡರು.

ಈಗ ವಸ್ತುವಿನ ವಿಷಯಕ್ಕೆ ಬರೋಣ. ಒಂದು ಪಠ್ಯಪುಸ್ತಕದಷ್ಟು ಅಗಲ, ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ ತೂಕ. ಕಪ್ಪು ಮೈ, ಬೂದು ಬಣ್ಣದ 40 ರಬ್ಬರ್ ಕೀಗಳು, ಬಲಗಡೆ ಮೂಲೆಯಲ್ಲಿ ಬಣ್ಣದ ಪಟ್ಟಿ. ರಿಕ್ ಡಿಕಿನ್ಸನ್ ಅನ್ನುವವರ ವಿನ್ಯಾಸ, ಈಗಲೂ ಮೇಜಿನ ಮೇಲೆ ಇಟ್ಟರೆ ಚೆಂದವೇ. ಆನ್ ಆಫ್ ಸ್ವಿಚ್ ಇಲ್ಲ. ರೀಸೆಟ್ ಬಟನ್ನೂ ಇಲ್ಲ. ತಂತಿ ಚುಚ್ಚಿದರೆ ಆನ್, ಕಿತ್ತರೆ ಆಫ್, ಕಿತ್ತು ಚುಚ್ಚಿದರೆ ರೀಸೆಟ್. ನಮ್ಮ ಕಡೆಯ ಹಳೇ ಮಿಕ್ಸಿ ತರಹ.

ಆ ತಂತಿಯ ಬಗ್ಗೆ ಒಂದು ಎಚ್ಚರಿಕೆ, ಇದನ್ನು ಮಾತ್ರ ದಯವಿಟ್ಟು ನೆನಪಿಟ್ಟುಕೊಳ್ಳಿ. ಇದಕ್ಕೆ ಬೇಕಾದದ್ದು 9 ವೋಲ್ಟ್ ಅಡಾಪ್ಟರ್, ಆದರೆ ಪಿನ್ನಿನ ನಡುವೆ ಮೈನಸ್, ಹೊರಗೆ ಪ್ಲಸ್. ಮನೆಯಲ್ಲಿ ಬಿದ್ದಿರುವ ಹೆಚ್ಚಿನ ಅಡಾಪ್ಟರ್‌ಗಳು ಇದರ ಉಲ್ಟಾ. ಪಿನ್ ಸರಿಯಾಗಿ ಕೂರುತ್ತದೆ, ಅದೇ ಅಪಾಯ. ನಾನು ರೂಟರಿನ ಅಡಾಪ್ಟರ್ ಹಿಡಿದು ಚುಚ್ಚುವಷ್ಟರಲ್ಲಿ ಪುಣ್ಯಕ್ಕೆ ಮಗಳು ಏನೋ ಕೇಳಿದಳು, ತಿರುಗಿದೆ, ಆಮೇಲೆ ಚೀಟಿ ಓದಿದೆ. ಇಲ್ಲದಿದ್ದರೆ ಈ ವಿಮರ್ಶೆ ಇಲ್ಲಿಗೇ ಮುಗಿಯುತ್ತಿತ್ತು.

ಟಿವಿಗೆ ಜೋಡಿಸುವುದು ಎರಡನೇ ತಲೆನೋವು. ಮೂಲ ಸ್ಪೆಕ್ಟ್ರಮ್ ಆಂಟೆನಾ ತೂತಿನ ಮೂಲಕ ಮಾತಾಡುತ್ತದೆ, ಯುಎಚ್‌ಎಫ್ ಚಾನೆಲ್ 36. ನಮ್ಮ ಟಿವಿಯಲ್ಲಿ ಹಳೇ ಅನಲಾಗ್ ಟ್ಯೂನರ್ ಇನ್ನೂ ಇತ್ತು, ಹುಡುಕಿ ಹುಡುಕಿ ಸಿಕ್ಕಿತು, ಆದರೆ ಮಳೆಗಾಲದಲ್ಲಿ ನಮ್ಮೂರಲ್ಲಿ ದೂರದರ್ಶನ ಬರುತ್ತಿದ್ದ ಹಾಗೆ ಚಿತ್ರವೆಲ್ಲ ಕಾಳು ಕಾಳು. ಚಿತ್ರವನ್ನು ಟಿವಿ ಚಾನೆಲ್ ಆಗಿ ಬದಲಿಸುವ ಒಳಗಿನ ಮಾಡ್ಯುಲೇಟರ್ ಬಿಟ್ಟು, ಕಾಂಪೊಸಿಟ್ ಅನ್ನುವ ಚಿತ್ರದ ಸಿಗ್ನಲ್ಲನ್ನು ನೇರ ಹೊರಗೆ ತರುವ ಒಂದು ಸಣ್ಣ ಬೆಸುಗೆ ಕೆಲಸ ಇದೆ. ರಿಪೇರಿ ಮಾಡುವ ಒಬ್ಬರ ಹತ್ತಿರ ಮಾಡಿಸಿದೆ, ಅಕ್ಷರ ಸ್ಪಷ್ಟವಾಯಿತು. ಕೊಳ್ಳುವಾಗಲೇ ಇದನ್ನು ಮಾಡಿರುವ ಯಂತ್ರ ಸಿಕ್ಕರೆ ಹತ್ತಿಪ್ಪತ್ತು ಪೌಂಡ್ ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ.

ತಂತಿ ಚುಚ್ಚಿ ಒಂದೆರಡು ಸೆಕೆಂಡಿಗೆ ಬಿಳಿ ಪರದೆ, ಕೆಳಗೆ 1982 ಸಿಂಕ್ಲೇರ್ ಅನ್ನುವ ಒಂದು ಸಾಲು. ಅಷ್ಟೇ. ಪಾಸ್‌ವರ್ಡ್ ಇಲ್ಲ, ಅಪ್‌ಡೇಟ್ ಇಲ್ಲ, ಐಕಾನ್ ಇಲ್ಲ. ಒಂದು ಕೀ ಒತ್ತಿದರೆ ಕೆಳಗೆ 'ಕೆ' ಅಂತ ಒಂದು ಅಕ್ಷರ ಮಿಣಕ್ ಮಿಣಕ್ ಅನ್ನುತ್ತದೆ. ಹೇಳು, ಏನು ಮಾಡಲಿ ಅಂತ ಕೇಳಿದ ಹಾಗೆ. ನನಗೆ ಹೇಳೋಕೆ ಏನೂ ಗೊತ್ತಿರಲಿಲ್ಲ, ಹತ್ತು ನಿಮಿಷ ಸುಮ್ನೆ ನೋಡುತ್ತ ಕೂತಿದ್ದೆ.

ಆ 'ಕೆ' ಅಂದರೆ ಕೀವರ್ಡ್. ಇಲ್ಲಿ ಪ್ರಿಂಟ್ ಅಂತ ಅಕ್ಷರ ಅಕ್ಷರ ಟೈಪ್ ಮಾಡುವಂತಿಲ್ಲ. 'ಪಿ' ಒತ್ತಿದರೆ ಪ್ರಿಂಟ್ ಅನ್ನುವ ಇಡೀ ಪದವೇ ಬೀಳುತ್ತದೆ. 'ಜಿ' ಒತ್ತಿದರೆ ಗೋ ಟು, 'ಐ' ಅಂದರೆ ಇನ್‌ಪುಟ್, 'ಬಿ' ಅಂದರೆ ಬಾರ್ಡರ್. ಪದ ಬಿದ್ದ ಮೇಲೆ ಕರ್ಸರ್ 'ಎಲ್' ಆಗುತ್ತದೆ, ಆಗ ಅವೇ ಕೀಗಳು ಮಾಮೂಲಿ ಅಕ್ಷರ. ಇಲ್ಲಿಯವರೆಗೆ ಸುಲಭ. ಇಂಕ್ ಅನ್ನುವ ಪದ ಬೇಕಾದರೆ ಮಾತ್ರ ಕ್ಯಾಪ್ಸ್ ಶಿಫ್ಟ್ ಮತ್ತು ಸಿಂಬಲ್ ಶಿಫ್ಟ್ ಎರಡನ್ನೂ ಒಟ್ಟಿಗೆ ಒತ್ತಿ, ಕರ್ಸರ್ 'ಇ' ಆದ ಮೇಲೆ ಸಿಂಬಲ್ ಶಿಫ್ಟ್ ಹಿಡಿದು 'ಎಕ್ಸ್' ಒತ್ತಬೇಕು. ಅಳಿಸೋಕೆ ಕ್ಯಾಪ್ಸ್ ಶಿಫ್ಟ್ ಮತ್ತು ಸೊನ್ನೆ. ಬೆರಳಿಗೆ ಸಿಗುವ ಅನುಭವವಂತೂ ಅಳಿಸುವ ರಬ್ಬರನ್ನು ಅದುಮಿದ ಹಾಗೆ, ಒತ್ತಿತೋ ಇಲ್ಲವೋ ಗೊತ್ತಾಗುವುದು 'ಟಿಕ್' ಸದ್ದಿನಿಂದ ಮಾತ್ರ. ಮೊದಲ ವಾರ ಇದಕ್ಕೆ ನಾನು ಬೈದಷ್ಟು ತೆರಿಗೆ ಇಲಾಖೆಗೂ ಬೈದಿಲ್ಲ.

ಎರಡನೇ ವಾರ ತಿಳಿಯಿತು, ಹೊಸಬರಿಗೆ ಈ ಪದ್ಧತಿ ಒಂದು ಉಪಕಾರವೇ. ಸ್ಪೆಲ್ಲಿಂಗ್ ತಪ್ಪುವ ಪ್ರಶ್ನೆಯೇ ಇಲ್ಲ. ಏನೇನು ಆಜ್ಞೆಗಳಿವೆ ಅನ್ನುವುದು ಕೀಬೋರ್ಡಿನ ಮೇಲೇ ಅಚ್ಚಾಗಿದೆ, ಪುಸ್ತಕದ ಅನುಕ್ರಮಣಿಕೆ ತರಹ. ಇನ್ನೂ ಒಳ್ಳೆಯ ವಿಷಯ ಅಂದರೆ, ಸಾಲು ಬರೆದು ಎಂಟರ್ ಒತ್ತಿದಾಗ ವ್ಯಾಕರಣ ತಪ್ಪಿದ್ದರೆ ಅದು ಸಾಲನ್ನು ಒಳಗೆ ಬಿಡುವುದೇ ಇಲ್ಲ. ತಪ್ಪು ಎಲ್ಲಿದೆಯೋ ಅಲ್ಲೇ ಒಂದು ಪ್ರಶ್ನಾರ್ಥಕ ಚಿಹ್ನೆ ಮಿಣುಗುತ್ತದೆ. ಸರಿಮಾಡು, ಆಮೇಲೆ ಮುಂದೆ. ಲೆಕ್ಕದ ಮೇಷ್ಟ್ರು ಪಕ್ಕದಲ್ಲೇ ನಿಂತು ಸ್ಲೇಟಿನ ಮೇಲೆ ಬೆರಳಿಟ್ಟ ಹಾಗೆ.

ಜೊತೆಗೆ ಬಂದ ಕಿತ್ತಳೆ ಬಣ್ಣದ ಕೈಪಿಡಿ ಬಗ್ಗೆ ಹೇಳಲೇಬೇಕು. ಬರೆದವರು ಸ್ಟೀವ್ ವಿಕರ್ಸ್, ಈ ಯಂತ್ರಕ್ಕೆ ನಾವು ಆಜ್ಞೆ ಕೊಡುವ ಬೇಸಿಕ್ ಭಾಷೆಯನ್ನು ಬರೆದವರೂ ಅವರೇ. ಅಡುಗೆ ಮಾಡಿದವರೇ ಬಡಿಸಿದ ಹಾಗಿದೆ ಅಲ್ವಾ! ಈಗಿನ ವಸ್ತುಗಳ ಜೊತೆ ಬರುವ ಚೀಟಿಗಳಲ್ಲಿ ಒದ್ದೆ ಮಾಡಬೇಡಿ, ಮಕ್ಕಳಿಂದ ದೂರವಿಡಿ ಅಂತ ಹನ್ನೆರಡು ಭಾಷೆಯಲ್ಲಿ ಇರುತ್ತದೆ. ಇದರಲ್ಲಿ ಮೆಮೊರಿಯ ಯಾವ ವಿಳಾಸದಲ್ಲಿ ಏನಿದೆ ಅಂತ ಬರೆದಿದೆ. ಕೊಳ್ಳುವಾಗ ಕೈಪಿಡಿ ಇಲ್ಲದ ಯಂತ್ರ ಬೇಡ.

ನನಗೆ ಕಣ್ಣು ತೆರೆದದ್ದು ಅಲ್ಲೇ. 0ಯಿಂದ 16383ರವರೆಗೆ ರಾಮ್ ಅಲ್ಲ, ರೋಮ್, ಅಂದರೆ ಅಳಿಸಲಾಗದ್ದು, ಬೇಸಿಕ್ ಭಾಷೆ ಕೂತಿರುವುದು ಅಲ್ಲಿ. 16384ರಿಂದ 65535ರವರೆಗೆ ರಾಮ್, ನಾವು ಬರೆದು ಅಳಿಸಬಹುದಾದ ಜಾಗ, ಅದೇ 48ಕೆ. ಅದರ ಮೊದಲ 6144 ಬೈಟ್ ಪರದೆಯ ಚುಕ್ಕಿಗಳು, ಅಡ್ಡ 256, ಉದ್ದ 192. ಎಲ್ಲವೂ ಎಂಟೆಂಟು ಚುಕ್ಕಿಗೊಂದು ಬೈಟ್. ಲೆಕ್ಕ ಹಾಕಿ ನೋಡಿದೆ, ಸರಿಯಾಗಿ ತಾಳೆಯಾಯಿತು. ಲೆಕ್ಕಪತ್ರದವನಿಗೆ ಇದಕ್ಕಿಂತ ಖುಷಿ ಇನ್ನೇನಿದೆ. ಒಂದು ವಿಳಾಸದಲ್ಲಿ ಒಂದು ಸಂಖ್ಯೆ ಇಡುವ ಆಜ್ಞೆ ಪೋಕ್. ಪೋಕ್ 16384, 255 ಅಂತ ಕೊಟ್ಟೆ, ಪರದೆಯ ಎಡ ಮೇಲ್ಮೂಲೆಯಲ್ಲಿ ಎಂಟು ಚುಕ್ಕಿಯ ಒಂದು ಗೆರೆ ಬಂತು. ಮೆಮೊರಿ ಅನ್ನುವುದು ನನಗೆ ಇಷ್ಟು ವರ್ಷ ಅಂಗಡಿಯಲ್ಲಿ ಕೇಳುವ ಒಂದು ಸಂಖ್ಯೆ ಆಗಿತ್ತು, ಎಂಟು ಜಿಬಿ ಇದೆಯಾ, ಹದಿನಾರು ಇದೆಯಾ ಅಂತ. ಈಗ ನಾನೇ ಒಂದು ಮನೆ ನಂಬರ್ ಹೇಳಿ ಅಲ್ಲಿ ಒಂದು ವಸ್ತು ಇಟ್ಟು ಬಂದೆ, ಅದು ಕಣ್ಣಿಗೆ ಕಾಣುತ್ತಿದೆ.

ಆಮೇಲೆ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಒಂದು ಫಾರ್ ಲೂಪ್ ಹಾಕಿ ಸಾಲಾಗಿ ಎಲ್ಲ ವಿಳಾಸಕ್ಕೂ 255 ತುಂಬಿಸಿದೆ. ಮೇಲಿನಿಂದ ಕೆಳಗೆ ಅಚ್ಚುಕಟ್ಟಾಗಿ ತುಂಬುತ್ತದೆ ಅಂದುಕೊಂಡರೆ ಅದು ಒಂದು ಗೆರೆ ಎಳೆದು, ಎಂಟು ಗೆರೆ ಕೆಳಗೆ ಹಾರಿ, ಮತ್ತೆ ಎಂಟು ಹಾರಿ, ಪರದೆಯ ಮೂರನೇ ಒಂದು ಭಾಗ ಮುಗಿದ ಮೇಲೆ ಮತ್ತೆ ಮೇಲೆ ಬಂದು ಎರಡನೇ ಗೆರೆ ಶುರು ಮಾಡುತ್ತದೆ. ಯಂತ್ರ ಕೆಟ್ಟಿದೆ ಅಂತ ಗಾಬರಿಯಾದೆ. ಕೆಟ್ಟಿಲ್ಲ, ಅದರ ಪರದೆ ಇರುವುದೇ ಹಾಗೆ. ಒಂದು ಅಕ್ಷರದ ಎಂಟು ಸಾಲುಗಳ ವಿಳಾಸಗಳು 256ರ ಅಂತರದಲ್ಲಿ ಕೂತಿರುತ್ತವೆ, ಅದರಿಂದ ಅಕ್ಷರ ಬರೆಯುವುದು ಯಂತ್ರಕ್ಕೆ ಸಲೀಸು.

ಬಣ್ಣದ ಲೆಕ್ಕ ಬೇರೆ. 22528ರಿಂದ 768 ಬೈಟ್, ಎಂಟಕ್ಕೆಂಟು ಚುಕ್ಕಿಯ ಒಂದು ಚೌಕಕ್ಕೆ ಒಂದು ಬೈಟ್. ಅಂದರೆ ಒಂದು ಚೌಕದಲ್ಲಿ ಎರಡೇ ಬಣ್ಣ, ಒಂದು ಶಾಯಿ, ಒಂದು ಕಾಗದ. ಮೂರನೆಯದು ಬಂದರೆ ಪಕ್ಕದ್ದಕ್ಕೂ ಮೆತ್ತಿಕೊಳ್ಳುತ್ತದೆ, ಒಗೆಯುವಾಗ ಹೊಸ ಬಟ್ಟೆಯ ಬಣ್ಣ ಬಿಳಿ ಪಂಚೆಗೆ ಹತ್ತಿದ ಹಾಗೆ. ಹಳೇ ಆಟಗಳಲ್ಲಿ ಗೊಂಬೆ ಮರದ ಮುಂದೆ ಹೋದರೆ ಮರದ ಬಣ್ಣ ತಗೊಳ್ಳುವುದು ಇದೇ ಕಾರಣಕ್ಕೆ. ಮೆಮೊರಿ ಉಳಿಸೋಕೆ ಮಾಡಿದ ಉಪಾಯ. ಉಳಿತಾಯದಲ್ಲಿ ಸಿಂಕ್ಲೇರ್ ನಮ್ಮಜ್ಜಿಯನ್ನೂ ಮೀರಿಸಿದವರು. 48ಕೆ ಯಂತ್ರದ ಮೇಲಿನ 32ಕೆಗೆ ಅವರು ಹಾಕಿದ್ದು ಅರ್ಧ ಕೆಟ್ಟ 64 ಕಿಲೋಬಿಟ್ ಚಿಪ್‌ಗಳು, ಅಗ್ಗಕ್ಕೆ ಸಿಗುತ್ತವೆ ಅಂತ, ಚೆನ್ನಾಗಿರುವ ಅರ್ಧ ಮಾತ್ರ ಬಳಸಿಕೊಂಡರು. ಕೊಳೆತ ಭಾಗ ಕತ್ತರಿಸಿ ಮಾವಿನಹಣ್ಣು ತಿನ್ನುವ ಲೆಕ್ಕ.

ಬೀಪ್ ಆಜ್ಞೆ ನಮ್ಮ ಮನೆಯಲ್ಲಿ ಜಗಳ ತಂದಿತು. ಬೀಪ್‌ಗೆ ಎರಡು ಸಂಖ್ಯೆ ಕೊಡಬೇಕು, ಎಷ್ಟು ಸೆಕೆಂಡ್, ಯಾವ ಸ್ವರ. 0 ಅಂದರೆ ಪಿಯಾನೋದ ಮಧ್ಯದ ಸಿ, ಅಲ್ಲಿಂದ ಒಂದೊಂದು ಸಂಖ್ಯೆಗೂ ಅರ್ಧ ಸ್ವರ ಮೇಲೆ. ಮಗಳು ಆನ್‌ಲೈನಿನಲ್ಲಿ ಸಂಗೀತ ಕಲಿಯುತ್ತಾಳೆ, ಅವಳಿಗೆ ಸರಳೆ ನುಡಿಸಿ ತೋರಿಸೋಣ ಅಂತ ಡೇಟಾ ಸಾಲಿನಲ್ಲಿ 0, 2, 4, 5, 7, 9, 11, 12 ಬರೆದು ರನ್ ಕೊಟ್ಟೆ. ಎಂಟು ಸ್ವರ ಮುಗಿಯುವ ಮುಂಚೆಯೇ ಕೂಗಿದಳು: 'ಅಪ್ಪಾ, ಇದು ಶಂಕರಾಭರಣ! ಸರಳೆ ಇರೋದು ಮಾಯಾಮಾಳವಗೌಳದಲ್ಲಿ!' ಸರಿ, ಅವಳೇ ಕೂತು ಕೀಬೋರ್ಡ್ ಆ್ಯಪ್ ನೋಡಿ ಎಣಿಸಿ ತಿದ್ದಿದಳು, 0, 1, 4, 5, 7, 8, 11, 12. ಸದ್ದು ಸೊಳ್ಳೆ ಹಾಡಿದ ಹಾಗಿದ್ದರೂ ಶ್ರುತಿ ಸರಿ. ಬೀಪ್ ನುಡಿಯುವಾಗ ಯಂತ್ರ ಬೇರೆ ಯಾವ ಕೆಲಸವನ್ನೂ ಮಾಡುವುದಿಲ್ಲ, ಅದೊಂದು ಮಿತಿ. ದಶಮಾಂಶ ಸ್ವರ ಕೂಡ ತಗೊಳ್ಳುತ್ತದೆ ಅಂತ ಗೊತ್ತಾದ ಮೇಲೆ ಗಮಕಕ್ಕೂ ಕೈ ಹಾಕಿದಳು. ಅದರ ಬಗ್ಗೆ ಮಾತಾಡದಿರುವುದೇ ಒಳ್ಳೆಯದು. ಆದರೆ ಒಂಬತ್ತು ವರ್ಷದ ಹುಡುಗಿಗೆ ಡೇಟಾ ಅಂದರೇನು, ಲೂಪ್ ಅಂದರೇನು ಅಂತ ನಾನು ಹೇಳಿಕೊಡಬೇಕಾಗಲಿಲ್ಲ.

ಇನ್ನೊಂದು ಭಾನುವಾರ ಕನ್ನಡ ಬರೆಸೋಣ ಅಂತ ಹಟ ಹಿಡಿದೆವು. ನಾವೇ ಆಕಾರ ಕೊಡಬಹುದಾದ 21 ಅಕ್ಷರಗಳ ಜಾಗ ಇದರಲ್ಲಿದೆ. ಚೌಕುಳಿ ಕಾಗದದಲ್ಲಿ ಎಂಟಕ್ಕೆಂಟು ಮನೆ ಗುರುತು ಮಾಡಿ, ತುಂಬಿದ ಮನೆ 1, ಖಾಲಿ ಮನೆ 0, ಹೀಗೆ ಎಂಟು ಸಾಲು ಬೈನರಿಯಲ್ಲಿ ಬರೆದು ಪೋಕ್ ಮಾಡಬೇಕು. 'ಕ್ಷ' ಆಗಲಿಲ್ಲ. 'ಳು' ಆಗಲಿಲ್ಲ. ಒತ್ತಕ್ಷರಕ್ಕಂತೂ ಕೆಳಗೆ ಜಾಗವೇ ಇಲ್ಲ. ಎಂಟು ಚುಕ್ಕಿಯ ಎತ್ತರದಲ್ಲಿ ತಲೆಕಟ್ಟು, ಹೊಟ್ಟೆ, ಕೊಂಬು ಎಲ್ಲ ಎಲ್ಲಿ ಹಿಡಿಸುತ್ತವೆ? ಕೊನೆಗೆ ಕೊಂಬು ಕೋಡು ಯಾವುದೂ ಬೇಡದ ಒಂದು ಪದ ಹುಡುಕಿದೆವು: 'ರಸಂ'. ರ, ಸ, ಒಂದು ಸೊನ್ನೆ. ಟಿವಿಯಲ್ಲಿ ದಪ್ಪ ದಪ್ಪ ಚುಕ್ಕಿಯಲ್ಲಿ 'ರಸಂ' ಅಂತ ಬಂದಾಗ ಹೆಂಡತಿ ಅಡುಗೆಮನೆಯಿಂದ ಬಂದು ನೋಡಿ, 'ಇದಕ್ಕೆ ಮೂರು ಗಂಟೆನಾ?' ಅಂದಳು. ಬೈನರಿ ಅನ್ನುವುದು ನನಗೆ ಅರ್ಥವಾದದ್ದು ಆ ಮೂರು ಗಂಟೆಯಲ್ಲಿ.

ತಂತಿ ಕಿತ್ತರೆ ಎಲ್ಲ ಮಾಯ, ಆದ್ದರಿಂದ ಕ್ಯಾಸೆಟ್. ಸೇವ್ ಕೊಟ್ಟರೆ ಪ್ರೋಗ್ರಾಮು ಸದ್ದಾಗಿ ಹೊರಗೆ ಬರುತ್ತದೆ, ಲೋಡ್ ಕೊಟ್ಟರೆ ಸದ್ದನ್ನು ಕೇಳಿಸಿಕೊಂಡು ಒಳಗೆ ತಗೊಳ್ಳುತ್ತದೆ. ಪರದೆಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿ ಪಟ್ಟಿಗಳು, ಮಾಹಿತಿ ಶುರುವಾದಾಗ ಹಳದಿ ಮತ್ತು ನೀಲಿ. ಕಿವಿಗೆ ಆ ಕಿರುಚಾಟ ಬೇಕಿದ್ದವರಿಗೆ ಹಬ್ಬ, ಬೇಡದವರಿಗೆ ನರಕ. ಪೂರ್ತಿ ತುಂಬುವ ಒಂದು ಆಟಕ್ಕೆ ನಾಲ್ಕೈದು ನಿಮಿಷ ಬೇಕು, ಕೊನೆಯಲ್ಲಿ ಲೋಡ್ ಆಗಲಿಲ್ಲ ಅನ್ನುವ ಸಂದೇಶ ಬಂದರೆ ಮತ್ತೆ ಮೊದಲಿನಿಂದ. ನಾನು ಕ್ಯಾಸೆಟ್ ಪ್ಲೇಯರ್ ಕೊಳ್ಳಲಿಲ್ಲ, ಹಳೇ ಫೋನಿನ ಹೆಡ್‌ಫೋನ್ ತೂತಿನಿಂದ ತಂತಿ ಎಳೆದೆ. ವಾಲ್ಯೂಮ್ ಹೆಚ್ಚುಕಮ್ಮಿ ಪೂರ್ತಿ ಇಡಬೇಕು, ನಡುವೆ ಫೋನ್ ಕರೆ ಬರಬಾರದು. ನಮ್ಮ ಅತ್ತಿಗೆ ಒಮ್ಮೆ ಸರಿಯಾಗಿ ನಾಲ್ಕನೇ ನಿಮಿಷಕ್ಕೆ ಕರೆ ಮಾಡಿದ್ದರು.

ಇನ್ನು ಕೆಟ್ಟದ್ದು. ಮಾರಿದವರು ಪರೀಕ್ಷೆ ಮಾಡಿ ಕಳಿಸಿದ್ದೇವೆ ಅಂದಿದ್ದರು. ನಾಲ್ಕನೇ ದಿನಕ್ಕೆ ಒಂದಷ್ಟು ಕೀಗಳು ಒಟ್ಟಿಗೆ ಸತ್ತವು. ಕೀಬೋರ್ಡ್ ಒಳಗಿನ ಮೆಂಬ್ರೇನ್ ಅನ್ನುವ ತೆಳು ಪ್ಲಾಸ್ಟಿಕ್ ಹಾಳೆ ನಲವತ್ತು ವರ್ಷಕ್ಕೆ ಹಪ್ಪಳದ ಹಾಗೆ ಗರಿಗರಿಯಾಗಿ, ಬೋರ್ಡಿಗೆ ಸೇರುವ ಬಾಲದ ಹತ್ತಿರ ಮುರಿಯುತ್ತದೆ. ಮಾರಿದವರಿಗೆ ಬರೆದೆ, ಹಳೇ ಸಾಮಾನಿಗೆ ಗ್ಯಾರಂಟಿ ಇಲ್ಲ ಅಂತ ಉತ್ತರ. ಹೊಸ ಮೆಂಬ್ರೇನ್ ಈಗಲೂ ತಯಾರಾಗುತ್ತದೆ, ನನಗೆ 15 ಪೌಂಡಿಗೆ ಸಿಕ್ಕಿತು. ಹಾಕುವುದು ಕಷ್ಟವಲ್ಲ, ಆದರೆ ಮೇಲಿನ ಲೋಹದ ತಗಡು ಅಂಟಿನಲ್ಲಿ ಕೂತಿರುತ್ತದೆ, ಎಬ್ಬಿಸುವಾಗ ಬಾಗುತ್ತದೆ. ನನ್ನದು ಬಾಗಿದೆ. ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ ನಿಧಾನಕ್ಕೆ ಎಬ್ಬಿಸಬೇಕಿತ್ತು, ಆಮೇಲೆ ತಿಳಿಯಿತು.

ಬೇರೆ ದಾರಿಗಳೂ ಇವೆ. 2024ರಲ್ಲಿ ರೆಟ್ರೊ ಗೇಮ್ಸ್ ಕಂಪನಿ ಇದೇ ಆಕಾರದಲ್ಲಿ 'ದಿ ಸ್ಪೆಕ್ಟ್ರಮ್' ಅಂತ ಹೊಸದನ್ನು ತಂದಿದೆ, ಬಂದಾಗ 89.99 ಪೌಂಡ್. ಗ್ಲಾಸ್ಗೋದ ಗೆಳೆಯನ ಮನೆಯಲ್ಲಿ ಒಂದು ಸಂಜೆ ಪೂರ್ತಿ ಆಡಿದೆ. ಎಚ್‌ಡಿಎಂಐ ತಂತಿ ಚುಚ್ಚಿದರೆ ಸಾಕು, 48 ಆಟ ಒಳಗೇ ಇವೆ, ತಪ್ಪಿದರೆ ಹಿಂದಕ್ಕೆ ತಿರುಗಿಸಬಹುದು, ಬೇಸಿಕ್ ಕೂಡ ಬರೆಯಬಹುದು. ಆಟ ಬೇಕಾದವರು ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ಆದರೆ ಅದು ಶುರುವಾದಾಗ ಕಾಣುವುದು ಆಟಗಳ ಮೆನು, ಆ ಖಾಲಿ ಬಿಳಿ ಪರದೆ ಅಲ್ಲ. ಮಗಳು ಅಲ್ಲಿ ಒಂದೇ ಒಂದು ಪ್ರೋಗ್ರಾಮು ಬರೆಯಲಿಲ್ಲ, ಯಾಕೆ ಬರೆಯುತ್ತಾಳೆ? ದುಡ್ಡೇ ಬೇಡ ಅನ್ನುವವರಿಗೆ ಫ್ಯೂಸ್ ಅನ್ನುವ ಎಮ್ಯುಲೇಟರ್ ಪುಕ್ಕಟೆ, ಲ್ಯಾಪ್‌ಟಾಪಿನಲ್ಲೇ ಸ್ಪೆಕ್ಟ್ರಮ್ ಓಡುತ್ತದೆ. ಕೊಳ್ಳುವ ಮುಂಚೆ ಒಂದು ವಾರ ಅದರಲ್ಲಿ ಕೂತು ನೋಡಿ, ಬೇಜಾರಾದರೆ ದುಡ್ಡು ಉಳಿಯಿತು. ಅದೇ 1982ರ ಕಮಡೋರ್ 64 ಬಗ್ಗೆ ತುಂಬ ಜನ ಹೇಳಿದರು. ಸದ್ದು, ಆಟ ಎರಡರಲ್ಲೂ ಅದೇ ಮೇಲು, ಕೀಬೋರ್ಡ್ ನಿಜವಾದ ಕೀಬೋರ್ಡ್. ಆದರೆ ಅದರ ಬೇಸಿಕ್‌ನಲ್ಲಿ ಗೆರೆ ಎಳೆಯೋಕೆ, ಸ್ವರ ನುಡಿಸೋಕೆ ಆಜ್ಞೆಯೇ ಇಲ್ಲ, ಎಲ್ಲಕ್ಕೂ ಪೋಕ್. ಮೊದಲ ದಿನವೇ ಹೊಸಬರು ಓಡಿಹೋಗುತ್ತಾರೆ.

ಊರಲ್ಲಿ ಇರುವವರು ಕೇಳಿದರೆ, ಭಾರತದಲ್ಲೂ 1986ರಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಪರವಾನಗಿ ತಗೊಂಡು ಇದರ ಮುಂದಿನ ಮಾದರಿ ಸ್ಪೆಕ್ಟ್ರಮ್ ಪ್ಲಸ್ ಮಾರಿತ್ತು. ಯಾರದಾದರೂ ಅಟ್ಟದಲ್ಲಿ ಸಿಕ್ಕರೆ ಗುಜರಿಗೆ ಹಾಕಬೇಡಿ. ಸಿಕ್ಕ ಖುಷಿಗೆ ತಕ್ಷಣ ಕರೆಂಟ್ ಕೊಡಲೂಬೇಡಿ, ಗೊತ್ತಿರುವವರ ಹತ್ತಿರ ಮೊದಲು ವೋಲ್ಟೇಜ್ ನೋಡಿಸಿ.

ಒಟ್ಟು ಖರ್ಚು ನನಗೆ 85, ಬೆಸುಗೆ ಕೆಲಸಕ್ಕೆ 20, ಮೆಂಬ್ರೇನ್ 15, ಸರಿಯಾದ ಅಡಾಪ್ಟರ್‌ಗೆ 12, ಅಂದರೆ 132 ಪೌಂಡ್. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಒಂದು ಕತ್ತರಿಸಿದ್ದು ಆ ಇಂಕ್ ಕೀಗೆ. ಮೊನ್ನೆ ಕೆಳಗಿನ ಮನೆ ಅಜ್ಜಿ ಮತ್ತೆ ಬಂದಿದ್ದರು, ಅಷ್ಟು ವರ್ಷ ಟೈಮೆಕ್ಸ್‌ನಲ್ಲಿ ದುಡಿದರೂ ಒಂದು ಸಲವೂ ಪ್ರೋಗ್ರಾಮು ಬರೆದಿರಲಿಲ್ಲವಂತೆ. ಮಗಳು ಪಕ್ಕದಲ್ಲಿ ಕೂರಿಸಿಕೊಂಡು ಅವರ ಹೆಸರು ಬರೆಸಿ, ಕೆಳಗೆ ಗೋ ಟು 10, ಅಂದರೆ ಮತ್ತೆ 10ನೇ ಸಾಲಿಗೆ ಹೋಗು ಅಂತ, ಹಾಕಿಸಿದಳು. ಪರದೆ ತುಂಬ ಅವರದೇ ಹೆಸರು. ಕೆಳಗೆ ಸ್ಕ್ರೋಲ್ ಮಾಡಲಾ ಅಂತ ಯಂತ್ರ ಕೇಳುತ್ತದೆ, ಹೂಂ ಅಂತ ಒಂದು ಕೀ ಒತ್ತಬೇಕು. ಅಜ್ಜಿ ಚಹಾ ಆರಿ ತಣ್ಣಗಾಗುವವರೆಗೂ ಒತ್ತುತ್ತಲೇ ಇದ್ದರು.